ಅಲ್ಲಾಡಿಸಿದರೆ ಟಿಕ್ ಅನ್ನಬೇಕು

ನನ್ನ ಅಣ್ಣನನ್ನು ಈ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕಿವಿ ಮೇಸ್ತ್ರಿ ಎಂದರೆ ಮುಗಿಯಿತು. ಅವನ ಗ್ಯಾರೇಜು ರಸ್ತೆಯ ಆ ಬದಿಗೆ, ನನ್ನ ಬಿಡಿಭಾಗಗಳ ಅಂಗಡಿ ಈ ಬದಿಗೆ. ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ, ಬಲಗೈ ಮೇಲೆತ್ತಿದನೆಂದರೆ ಗಿರಾಕಿಯಿರಲಿ, ಗಿರಾಕಿಯ ಮಾವನಿರಲಿ, ತುಟಿ ಪಿಟಕ್ಕೆನ್ನದೆ ನಿಲ್ಲಬೇಕು. ಕೈ ಇಳಿಸಿದ ಮೇಲೆ ಅವನು ಹೇಳಿದ್ದೇ ತೀರ್ಪು. ಅದೇ ಅವನ ಅನ್ನ, ಅದೇ ಅವನ ಜಂಬ. ಜಂಬ ಸ್ವಲ್ಪ ಹೆಚ್ಚೇ ಇತ್ತು. ತಂಗಿಯಾದ ನಾನು ಹೇಳದೆ ಇನ್ಯಾರು ಹೇಳಬೇಕು?

ಇನ್ನೊಂದು ವಿಚಾರದಲ್ಲೂ ಅವನದು ಹಟ. ಕೈ ತೊಳೆಯದೆ ಗ್ಯಾರೇಜು ಬಿಡುವವನಲ್ಲ. ಸೋಪಿನ ಪುಡಿಗೆ ಮರದ ಹೊಟ್ಟು ಬೆರೆಸಿ ಮೊಣಕೈವರೆಗೆ ತಿಕ್ಕಿ, ಉಗುರಿನ ಸಂದಿಗೆ ಹಲ್ಲುಜ್ಜುವ ಹಳೆಯ ಬ್ರಷ್ಷು ಹಾಕಿ, ಮದುವೆಗಂಡಿನ ಹಾಗೆ ಮನೆಗೆ ಹೋಗುತ್ತಾನೆ. ಅತ್ತಿಗೆಗೆ ಎಣ್ಣೆಯ ವಾಸನೆ ಆಗುವುದಿಲ್ಲವೆಂದು ಮದುವೆಯ ಹೊಸತರಲ್ಲಿ ಶುರುವಾದದ್ದು, ಇಂದಿನವರೆಗೂ ತಪ್ಪಿಲ್ಲ.

ಆದರೆ ಈಚೆಗೆ ಆ ಮನೆಯಲ್ಲಿ ಮಾತೇ ಬಿದ್ದುಹೋಗಿತ್ತು. ಅತ್ತಿಗೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, "ನಿಮ್ಮಣ್ಣ ನಾನು ಕರೆದ್ರೆ ತಿರುಗಿಯೂ ನೋಡಲ್ಲ ಕಣೇ. ಗೋಡೆ ಹತ್ರ ಮಾತಾಡಿದ ಹಾಗೆ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರದು ಮೊದಲೇ ಸಣ್ಣ ದನಿ. ನನ್ನ ಜೊತೆ ಮಾತ್ರ ಅಣ್ಣ ದಿನದಿನಕ್ಕೆ ಜೋರಾಗುತ್ತಿದ್ದ. ರಸ್ತೆಯ ಆಚೆಯಿಂದ ಅವನು ಗದರಿದರೆ ಈಚೆಯಿಂದ ನಾನೂ ಗದರುತ್ತಿದ್ದೆ. ವಯಸ್ಸಾಗುತ್ತಾ ಕೋಪ ಮೂಗಿನ ತುದಿಗೆ ಬಂದಿದೆ ಎಂದುಕೊಂಡಿದ್ದೆ.

ಅಂಥ ದಿನಗಳಲ್ಲೇ ಹಲ್ಲಿನ ಡಾಕ್ಟರಮ್ಮನ ಸ್ಪೋರ್ಟ್ಸ್ ಕಾರು ಬಂತು. ಇಬ್ಬರೇ ಕೂರುವಂಥದ್ದು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ವಯಸ್ಸಿನಲ್ಲಿ ಡಾಕ್ಟರಮ್ಮನಿಗಿಂತ ತುಸುವೇ ಚಿಕ್ಕದು. ಚಾಲೂ ಮಾಡಿದರೆ ನೀಲಿ ಹೊಗೆ, ನಿಲ್ಲಿಸಿದ ಕಡೆ ಎಣ್ಣೆಯ ಕಲೆ. ಮಾರನೆಯ ಬೆಳಗ್ಗೆ ಅವರು ತಮ್ಮ ತಂದೆಯನ್ನು ಕೂರಿಸಿಕೊಂಡು ಬೆಟ್ಟದ ರಸ್ತೆಯಲ್ಲಿ ಹೋಗಬೇಕಿತ್ತು.

"ಒಳಗಿಂದ ಸಣ್ಣಗೆ ಶಿಳ್ಳೆ ಹೊಡೀತಿದೆ ಮೇಸ್ತ್ರಿ," ಎಂದರು.

ಅಣ್ಣ ಕಣ್ಣು ಮುಚ್ಚಿ ಕೈಯೆತ್ತಿದ. ಇಳಿಸಿದ. "ಶಿಳ್ಳೆಗಿಳ್ಳೆ ಏನಿಲ್ಲ ಡಾಕ್ಟರೇ. ಉಸಿರಾಡೋ ವಾಲ್ವು ಹೋಗಿದೆ, ಎರಡೂ. ಸಂಜೆಗೆ ಬನ್ನಿ."

ಎಂಜಿನ್ನಿಗೂ ಹೊಟ್ಟೆಯುಬ್ಬರ ಉಂಟು. ಒಳಗೆ ಕೂಡುವ ಹೊಗೆಯೂ ಆವಿಯೂ ಹೊರಗೆ ಹೋಗಲು ಹೆಬ್ಬೆರಳ ಗಾತ್ರದ ಒಂದು ವಾಲ್ವು ಇರುತ್ತದೆ. ಈ ಕಾರಿಗೆ ಎಡಕ್ಕೊಂದು, ಬಲಕ್ಕೊಂದು. ವಾಲ್ವಿನ ಒಳಗೆ ಪುಟ್ಟದೊಂದು ಕಡ್ಡಿ ಹಿಂದೆ ಮುಂದೆ ಸರಿಯುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನಬೇಕು. ಅನ್ನದಿದ್ದರೆ ಕೊಳೆ ಕಟ್ಟಿ ಸತ್ತಿದೆ ಎಂದರ್ಥ. ಸತ್ತ ವಾಲ್ವು ಇಟ್ಟುಕೊಂಡು ಏರುದಾರಿ ಹತ್ತಿದರೆ ಒಳಗಿನ ಒತ್ತಡ ಯಾವುದಾದರೂ ಸೀಲನ್ನು ಒಡೆದುಕೊಂಡು ಬರುತ್ತದೆ. ಎಣ್ಣೆ ಹೋಗಿ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಕಾರೂ ಇಲ್ಲ, ಒಳಗಿದ್ದವರೂ ಇಲ್ಲ.

ನಾನು ಹೊಸ ವಾಲ್ವುಗಳ ಜೋಡಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅಣ್ಣ ರಸ್ತೆ ದಾಟಿ ಬಂದು ಅವನ್ನು ಕೌಂಟರಿನ ಮೇಲೆ ಕುಕ್ಕಿದ.

"ಎರಡೂ ಸತ್ತಿವೆ. ಬೇರೆ ಕೊಡು."

ಬೇರೆ ಕೊಟ್ಟೆ. ಅವೂ ವಾಪಸು ಬಂದವು. ಮೂರನೆಯ ಜೋಡಿ ಕೊಡುವಾಗ ನನಗೂ ರೇಗಿತ್ತು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದೆ. ಅವನು ಜೋಡಿ ಎತ್ತಿಕೊಂಡು ಹೋದ. ಅದೂ ಸ್ವಲ್ಪ ಹೊತ್ತಿನಲ್ಲೇ ವಾಪಸು ಬಂತು.

"ನಿನ್ನ ಮಾಲೇ ಬೇಡ," ಎಂದ, ಇಡೀ ಬೀದಿಗೆ ಕೇಳುವ ಹಾಗೆ. "ಹಳೇದನ್ನೇ ಪೆಟ್ರೋಲಲ್ಲಿ ತೊಳೆದು ಹಾಕ್ತೀನಿ."

ಅವನು ಹೋದ ಮೇಲೆ, ತಯಾರಕರಿಗೆ ಹಿಂದಿರುಗಿಸೋಣವೆಂದು ಒಂದು ವಾಲ್ವನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಟಿಕ್ ಟಿಕ್. ಇನ್ನೊಂದು ತೆಗೆದೆ. ಟಿಕ್ ಟಿಕ್. ಮೂರು ಜೋಡಿಯೂ ಗಿಲಕಿಯ ಹಾಗೆ ಆಡುತ್ತಿದ್ದವು. ಮೊದಲು ನನಗೆ ಬಂದದ್ದು ಸಿಟ್ಟು. ಬೇಕೆಂದೇ ನನ್ನ ಅಂಗಡಿಯ ಮರ್ಯಾದೆ ಕಳೆಯುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಡಾಕ್ಟರಮ್ಮ ಹೇಳಿದ ಶಿಳ್ಳೆ ನೆನಪಾಯಿತು. ಅತ್ತಿಗೆಯ ಸಣ್ಣ ದನಿ ನೆನಪಾಯಿತು.

ಎಂಜಿನ್ನಿನ ಗುಡುಗು ಅವನಿಗೆ ಕೇಳುತ್ತಿತ್ತು, ಅಂಗಡಿಯವಳಾದ ನನ್ನ ಗಂಟಲೂ ಕೇಳುತ್ತಿತ್ತು. ಸಣ್ಣ ಸದ್ದುಗಳೆಲ್ಲ ಹೊರಟುಹೋಗಿದ್ದವು. ಆ ಕಡೆ ನೋಡಿದರೆ ಅಣ್ಣ ಪೆಟ್ರೋಲಿನ ಡಬ್ಬಿಯಿಂದ ಹಳೆಯ ವಾಲ್ವುಗಳನ್ನು ತೆಗೆದು ಬಟ್ಟೆಯಲ್ಲಿ ಒರೆಸುತ್ತಿದ್ದ. ಅವನ್ನು ಹಾಕಿ ಕಾರು ಕಳಿಸಿದನೆಂದರೆ ಬೆಟ್ಟದ ತಿರುವಿನಲ್ಲಿ ಏನಾಗಬಹುದೆಂದು ನನಗೆ ಗೊತ್ತಿತ್ತು. ಹೇಳಿದರೆ ಅಣ್ಣನಿಗೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಂಗಡಿಯನ್ನು ಹಾಗೇ ತೆರೆದಿಟ್ಟು ಒಂದು ಜೋಡಿ ವಾಲ್ವು ಹಿಡಿದು ರಸ್ತೆ ದಾಟಿದೆ.

"ಹಳೇದು ಹಾಕಬೇಡ ಅಣ್ಣಾ."

"ನಿನ್ನ ಕೆಲಸ ನೋಡ್ಕೋ ಹೋಗು."

"ಕೈ ಕೊಡು."

"ಯಾಕೆ?"

"ಕೊಡು ಅಂದೆನಲ್ಲ."

ಹೊಸ ವಾಲ್ವನ್ನು ಅವನ ಬೆರಳ ತುದಿಯಲ್ಲಿ ಹಿಡಿಸಿ, ಮೇಲೆ ನನ್ನ ಕೈ ಇಟ್ಟು ಮೆಲ್ಲಗೆ ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿದೆ. ಒಳಗಿನ ಕಡ್ಡಿ ಸರಿದು ಕೊನೆಗೆ ತಾಗುವುದು ನನಗೇ ತಿಳಿಯುತ್ತಿತ್ತು. ಅವನಿಗೆ ತಿಳಿಯದಿರುತ್ತದೆಯೇ? ಅವನ ಮುಖ ಬದಲಾಯಿತು. ವಾಲ್ವನ್ನು ಬಲಗಿವಿಗೆ ಒಯ್ದು ಅಲ್ಲಾಡಿಸಿದ. ಎಡಗಿವಿಗೆ ಒಯ್ದ. ಮತ್ತೆ ಬೆರಳಲ್ಲಿ ಹಿಡಿದು ವಾಲಿಸಿದ.

"ಅಂಗಡಿಗೆ ಹೋಗು," ಎಂದ. ಈ ಸಲ ಮೆತ್ತಗೆ.

ನಾನು ಹೋಗಲಿಲ್ಲ. ಅವನು ಹಳೆಯ ಟೈರಿನ ಮೇಲೆ ಕುಸಿದು ಕೂತ. ವಾಲ್ವನ್ನು ಬೆರಳಲ್ಲಿ ಹೊರಳಿಸುತ್ತಾ ಹೇಳಿದ.

"ಕೆಟ್ಟಿದೆ ಅಂತ ಕಳಿಸ್ಲಿಲ್ಲ ಕಣೇ. ಕೆಟ್ಟಿರ್ಲಿ ಅಂತ ಕಳಿಸಿದೆ. ಮೂರನೇ ಸಲಾನೂ ಹಂಗೇ ಆದಾಗ, ಕೆಟ್ಟಿರೋದು ನನ್ನ ಕಿವಿ ಅಂತ ಗೊತ್ತಾಯ್ತು."

"ಗೊತ್ತಾದ್ಮೇಲೂ ಹಳೇದು ಹಾಕೋಕೆ ಹೊರಟಿದ್ಯಲ್ಲ?"

"ಹೊಸಾದು ಹಾಕಿದ್ರೆ ನಾನು ಕಿವುಡ ಅಂತ ಒಪ್ಪಿದ ಹಾಗಲ್ವಾ?"

ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. "ಒಪ್ಪಬೇಡ. ಡಾಕ್ಟರಮ್ಮನ ಅಪ್ಪನಿಗೆ ನಾಳೆ ಏನಾದ್ರೂ ಆದ್ರೆ, ಆಗ ಒಪ್ಪುವೆಯಂತೆ," ಎಂದೆ.

ಅವನು ಎದ್ದ. ವಾಲ್ವುಗಳು ಕೂರುವ, ಒಣಗಿ ಕಲ್ಲಾಗಿದ್ದ ರಬ್ಬರ್ ಬುಷ್ಷುಗಳನ್ನು ಚೂರೂ ಒಳಗೆ ಬೀಳದ ಹಾಗೆ ಚಿಮಟದಲ್ಲಿ ಬಿಡಿಸಿದ. ಹೊಸ ಬುಷ್ಷಿಗೆ ಎಣ್ಣೆ ಸವರಿ ಕೂರಿಸಿ, ಹೊಸ ವಾಲ್ವುಗಳನ್ನು ಒತ್ತಿ, ಕೊಳವೆಗಳನ್ನು ಸಿಕ್ಕಿಸಿದ. ಎಂಜಿನ್ ಚಾಲೂ ಮಾಡಿ, ಎಣ್ಣೆ ಹುಯ್ಯುವ ಬಾಯಿಯ ಮೇಲೆ ಕಾಗದದ ತುಂಡು ಇಟ್ಟ. ಎಂಜಿನ್ನು ಅದನ್ನು ಒಳಕ್ಕೆ ಎಳೆದು ಹಿಡಿದುಕೊಂಡಿತು. ಉಸಿರು ಸರಿಯಾಗಿತ್ತು. ಮುಚ್ಚಳ ಹಾಕಿ ತಿರುಗಿಸಿದ. ನಂತರ ಅಭ್ಯಾಸದಂತೆ ಕಣ್ಣು ಮುಚ್ಚಿ ಕೈಯೆತ್ತಿದವನು ಅರ್ಧಕ್ಕೇ ಇಳಿಸಿ ನನ್ನ ಕಡೆ ತಿರುಗಿದ.

"ಶಿಳ್ಳೆ ಇದೆಯಾ?"

ಹುಟ್ಟಿದಾಗಿನಿಂದ ನನ್ನ ಅಣ್ಣ ಇನ್ನೊಬ್ಬರನ್ನು ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಡಾಕ್ಟರಮ್ಮ ಆಟೋ ಇಳಿಯುತ್ತಿದ್ದರು. ಇಲ್ಲ ಎಂದುಬಿಟ್ಟರೆ ಅಲ್ಲಿಗೇ ಮುಗಿಯುತ್ತಿತ್ತು, ಅವನ ಮಾತೂ ಉಳಿಯುತ್ತಿತ್ತು. ಆದರೆ ಕೂದಲೆಳೆಯಷ್ಟು ಸಣ್ಣಗೆ ಒಂದು ಶಿಳ್ಳೆ ಬರುತ್ತಲೇ ಇತ್ತು.

"ಇದೆ," ಎಂದೆ.

ಅಣ್ಣ ನನ್ನ ಮುಖವನ್ನೇ ನೋಡಿದ. ಚಿಕ್ಕಂದಿನಲ್ಲಿ ನಾನು ಸುಳ್ಳು ಹೇಳುತ್ತಿದ್ದೇನೋ ಎಂದು ನೋಡುತ್ತಿದ್ದ ರೀತಿಯದೇ ನೋಟ. ಆಮೇಲೆ ಬಗ್ಗಿ, ಕಣ್ಣನ್ನು ನನ್ನ ಮೇಲಿಂದ ತೆಗೆಯದೆ, ಕೊಳವೆಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಚುಕುತ್ತಾ ಬಂದ. ಬಲಗಡೆಯದು ಹಿಚುಕಿದ. ನಾನು ಸುಮ್ಮನಿದ್ದೆ. ಎಡಗಡೆಯದರ ಬುಡ ಹಿಚುಕಿದಾಗ ಶಿಳ್ಳೆ ನಿಂತಿತು. ಮಾತಾಡುವುದು ಮರೆತು ನಾನು ಬಲಗೈ ಮೇಲೆತ್ತಿದೆ, ಥೇಟ್ ಅವನ ಹಾಗೇ.

ಆ ಕೊಳವೆ ಕ್ಲಿಪ್ಪಿನ ಅಡಿಯಲ್ಲಿ ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಟ್ಟಿತ್ತು. ಓಡಿಹೋಗಿ ಹೊಸ ಕೊಳವೆ ತಂದುಕೊಟ್ಟೆ. ಅವನು ಹಾಕಿದ. ಮತ್ತೆ ಚಾಲೂ ಮಾಡಿ ನನ್ನ ಕಡೆ ನೋಡಿದ. ನಾನು ಶಿಳ್ಳೆ ಇಲ್ಲವೆಂದು ತಲೆಯಾಡಿಸಿದೆ. ಡಾಕ್ಟರಮ್ಮ ಪಕ್ಕದಲ್ಲಿ ಬಂದು ನಿಂತಿದ್ದರು.

"ಕಿವಿಗೊಟ್ಟು ಕೇಳಿದ್ರಾ ಮೇಸ್ತ್ರಿ? ಧೈರ್ಯವಾಗಿ ಹೋಗಬಹುದಾ?"

ಅಣ್ಣ ಎಂಜಿನ್ ಆರಿಸಿದ. ಬಟ್ಟೆಯಲ್ಲಿ ಕೈ ಒರೆಸಿದ, ಅದೇ ಬೆರಳನ್ನು ಮತ್ತೆ ಮತ್ತೆ ಒರೆಸಿದ.

"ನಾನು ಕೇಳಿಲ್ಲ ಡಾಕ್ಟರೇ," ಎಂದ. "ನನಗೆ ಸಣ್ಣ ಸದ್ದು ಈಗ ಕೇಳಿಸಲ್ಲ. ಶಿಳ್ಳೆ ಇದೆ ಅಂತ ನೀವು ಹೇಳಿದ್ದೇ ಸರಿ. ನನ್ನ ತಂಗಿ ಕೇಳಿದಾಳೆ. ಧೈರ್ಯವಾಗಿ ಹೋಗಿ."

ಡಾಕ್ಟರಮ್ಮ ಅವನನ್ನೂ ನೋಡಿದರು, ನನ್ನನ್ನೂ ನೋಡಿದರು. "ಸರಿ ಮೇಸ್ತ್ರಿ," ಎಂದು ಕೀಲಿ ತೆಗೆದುಕೊಂಡರು. ಕಾರು ಬೀದಿಯ ತಿರುವು ದಾಟುವವರೆಗೆ ನಾವಿಬ್ಬರೂ ನೋಡುತ್ತಾ ನಿಂತೆವು. ಹೊಗೆ ಇರಲಿಲ್ಲ. ನನ್ನ ಎದೆ ಹಗುರಾಯಿತು. ಅಣ್ಣ ಮಾತ್ರ ಬೇರೇನೋ ಯೋಚನೆಯಲ್ಲಿದ್ದ.

"ಒಂದು ಮಾತು ಕೇಳ್ಲಾ?" ಎಂದ. "ನಿಮ್ಮತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಅಂದ್ಕೊಂಡಿದ್ದೆ. ಏನು ತಪ್ಪು ಮಾಡಿದ್ನೋ, ಕೇಳೋದು ಹೇಗೆ ಅಂತ ನಾನೂ ಸುಮ್ಮನಿದ್ದೆ. ಅವಳು ಮಾತಾಡ್ತಾನೇ ಇದ್ಲಾ?"

"ದಿನಾ ಅಣ್ಣಾ," ಎಂದೆ. "ನೀನು ಉತ್ತರ ಕೊಡಲ್ಲ ಅಂತ ನನ್ನ ಹತ್ರ ಬಂದು ಅಳ್ತಿದ್ರು."

ಅವನು ಸೋಪಿನ ಪುಡಿಯ ಡಬ್ಬಿಯ ಕಡೆ ನೋಡಲೂ ಇಲ್ಲ. ಶಟರ್ ಎಳೆಯುವ ಕೆಲಸವನ್ನು ನನಗೇ ಬಿಟ್ಟು, ಎಣ್ಣೆ ಮೆತ್ತಿದ ಕೈಯಲ್ಲೇ ಮನೆಯ ಕಡೆ ಹೊರಟ.