ಸಾಧಾರಣ ಮಳೆ ಎಂದು ಬರೆದವಳು ನಾನು

ಕೊರೊನಾ ಮುಗಿದು ಕಚೇರಿಗಳು ಮತ್ತೆ ತುಂಬಿಕೊಂಡ ವರ್ಷ ಅದು. ಚಿತ್ರದುರ್ಗದ ಒಂದು ಸಣ್ಣ ಕೃಷಿ ಹವಾಮಾನ ಘಟಕದಲ್ಲಿ ನಾನು ತಾಂತ್ರಿಕ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ರೈತರಿಗೆ ಮಳೆಯ ಮುನ್ಸೂಚನೆ ಕಳಿಸುವುದು ನನ್ನ ಕೆಲಸ. ಅದುವರೆಗೆ ನಾವು ಕಳಿಸುತ್ತಿದ್ದದ್ದು 'ಜಿಲ್ಲೆಯ ಅಲ್ಲಲ್ಲಿ ಮಳೆಯಾಗುವ ಸಾಧ್ಯತೆ' ಎಂಬ ಒಂದೇ ಸಾಲು. ಹೊಳಲ್ಕೆರೆಯಲ್ಲಿ ಕೆಸರಾದ ದಿನ ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ ದೂಳು ಹಾರುತ್ತಿರುತ್ತದೆ. ಅಲ್ಲಲ್ಲಿ ಎಂದರೆ ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಮಾತು ಮರೆಸುತ್ತಿದ್ದೆ.

ಆ ವರ್ಷ ಒಂದು ಸಂಶೋಧನಾ ಸಂಸ್ಥೆ ತನ್ನ ಉಪಗ್ರಹ ಡೇಟಾವನ್ನು ನಮಗೂ ಕೊಡಲು ಒಪ್ಪಿತು. ಉಪಗ್ರಹ ಮಳೆಯನ್ನು ನೇರವಾಗಿ ಅಳೆಯುವುದಿಲ್ಲ. ಮೋಡದ ನೆತ್ತಿ ಎಷ್ಟು ತಣ್ಣಗಿದೆ, ಗಾಳಿಯಲ್ಲಿ ತೇವ ಎಷ್ಟಿದೆ ಎಂದು ನೋಡುತ್ತದೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರಕ್ಕೆ ಬೆಳೆದಿದೆ ಎಂದರ್ಥ. ಅದನ್ನು ಕಂಪ್ಯೂಟರ್ ಲೆಕ್ಕಾಚಾರಕ್ಕೆ ಸೇರಿಸಿದರೆ ಮರುದಿನ ಯಾವ ಹೋಬಳಿಯಲ್ಲಿ ಎಷ್ಟು ಮಿಲಿಮೀಟರ್ ಬೀಳಬಹುದು ಎಂದು ಅಂದಾಜು ಸಿಗುತ್ತದೆ. ಅದುವರೆಗೆ ಪ್ರಬಂಧಗಳಲ್ಲಿ ಮಾತ್ರ ಓದಿದ್ದು ನನ್ನ ಮೇಜಿನ ಮೇಲೆ ಬಂದಿತ್ತು. ಆ ದಿನಗಳಲ್ಲಿ ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಅಂದಾಜು ಸರಿಯೇ ಎಂದು ತಾಳೆ ನೋಡಲು ಮಳೆಮಾಪಕಗಳ ಲೆಕ್ಕ ಬೇಕು. ಅದಕ್ಕಾಗಿ ಒಂದು ಮುಂಗಾರು ಪೂರ್ತಿ ಬಸ್ಸಿನಲ್ಲಿ ಅಲೆದೆ. ಹೊಸದುರ್ಗದ ಕಡೆ ಒಂದು ಮಾಪಕ ತೆಂಗಿನ ಮರದ ಬುಡದಲ್ಲಿತ್ತು; ಗರಿಯಿಂದ ಸೋರಿದ್ದಷ್ಟೇ ಅದರ ಪಾಲಿನ ಮಳೆ. ಆದಿವಾಲದ ಮಾಪಕದೊಳಗೆ ಜೇಡ ಸಂಸಾರ ಹೂಡಿತ್ತು. ಎಲ್ಲವನ್ನೂ ಸರಿಮಾಡಿಸಿ, ತಪ್ಪು ಲೆಕ್ಕಗಳನ್ನು ಬಿಟ್ಟು ನೋಡಿದಾಗ ಉಪಗ್ರಹದ ಅಂದಾಜು ನಾವೆಣಿಸಿದ್ದಕ್ಕಿಂತ ಚೆನ್ನಾಗಿಯೇ ಹೊಂದಿಕೊಂಡಿತು.

ಚಿಕ್ಕಣ್ಣ ಪರಿಚಯವಾದದ್ದು ಆ ಓಡಾಟದಲ್ಲೇ. ಧರ್ಮಪುರದಾಚೆ, ಆಂಧ್ರದ ಗಡಿ ಹತ್ತಿರದ ಹಳ್ಳಿಯ ಕುರಿಗಾಹಿ. ನೂರಿಪ್ಪತ್ತು ಕುರಿಗಳ ಮಂದೆ ಅವನದು. ನನ್ನ ಮೊಬೈಲ್ ನಂಬರ್ ಬರೆಸಿಕೊಂಡು ಹೋದವನು ಆಮೇಲೆ ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಿದ್ದ. ಮೂರು ಸಲ ನಾನು ಹೇಳಿದ ದಿನವೇ ಮಳೆ ಬಂದದ್ದು ನೋಡಿ ಸುತ್ತಲಿನ ಕುರಿಯವರಿಗೆಲ್ಲ ನನ್ನ ನಂಬರ್ ಹಂಚಿದ್ದ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ನಿಜವಾದ ಪ್ರಶಸ್ತಿ ಅದೊಂದೇ ಎಂದು ಬೀಗಿದ್ದೆ.

ಅಕ್ಟೋಬರಿನ ಒಂದು ಗುರುವಾರ. ಮಧ್ಯಾಹ್ನದ ಲೆಕ್ಕಾಚಾರ ಧರ್ಮಪುರ ಹೋಬಳಿಗೆ ಮರುದಿನ ಐವತ್ತೈದರಿಂದ ಅರವತ್ತು ಮಿಲಿಮೀಟರ್ ಮಳೆ, ಜೊತೆಗೆ ಜೋರು ಗಾಳಿ ತೋರಿಸಿತು. ನಮ್ಮ ಪರಿಭಾಷೆಯಲ್ಲಿ ದಿನಕ್ಕೆ ಸುಮಾರು ಹದಿನಾರರಿಂದ ಅರವತ್ತನಾಲ್ಕು ಮಿಲಿಮೀಟರ್ ಬಿದ್ದರೆ ಅದು 'ಮಾಡರೇಟ್'. ಅದಕ್ಕಿಂತ ಮೇಲಿನದಷ್ಟೇ ಭಾರಿ ಮಳೆ. ಮಾಡರೇಟ್‌ಗೆ ನಮ್ಮ ಕನ್ನಡ ಪಟ್ಟಿಯಲ್ಲಿದ್ದ ಪದ 'ಸಾಧಾರಣ'. ಆ ಪಟ್ಟಿ ಮಾಡಿದವಳೂ ನಾನೇ, ಹಲವು ವರ್ಷಗಳ ಹಿಂದೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು. 'ಧರ್ಮಪುರ ಹೋಬಳಿ: ಗಾಳಿಯೊಂದಿಗೆ ಸಾಧಾರಣ ಮಳೆ' ಎಂದು ಟೈಪು ಮಾಡಿ ಕಳಿಸಿದೆ. ಹೋಬಳಿಯ ಹೆಸರು ಹಿಡಿದು ಬರೆದೆನಲ್ಲ ಎಂಬ ಹಿಗ್ಗು ಬೇರೆ.

ಸಂಜೆ ಚಿಕ್ಕಣ್ಣನ ಫೋನ್ ಬಂತು.

"ಮೇಡಂ, ಉಣ್ಣೆ ಕತ್ರಸೋರು ಬಂದವ್ರೆ. ನಾಳೆ ಬಿಟ್ರೆ ಅವ್ರು ಇನ್ನ ತಿಂಗ್ಳುಗಟ್ಲೆ ಸಿಗಾಕಿಲ್ಲ. ಮಳೆ ಹೆಂಗೈತ್ರಿ?"

"ಮಧ್ಯಾಹ್ನದ ಮೇಲೆ ಇದೆ ಚಿಕ್ಕಣ್ಣ. ಸಾಧಾರಣ ಮಳೆ."

"ಸಾಧಾರಣನಾ? ಹಂಗಾರೆ ಅಡ್ಡಿಯಿಲ್ಲ ಬಿಡ್ರಿ."

ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ಅಡ್ಡಿಯಿಲ್ಲ ಎಂದು ಯಾಕೆ ಹೇಳಿದ ಎಂದು ಅರೆಗಳಿಗೆ ಅನ್ನಿಸಿತು ಕೂಡ. ಆದರೆ ಇನ್ನೊಂದು ಫೋನ್ ಬರುತ್ತಿತ್ತು. ಇಟ್ಟುಬಿಟ್ಟೆ.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಶುರುವಾದ ಮಳೆ ನಾಲ್ಕೂವರೆಗೆ ನಿಂತಿತು. ಧರ್ಮಪುರದ ಮಾಪಕ ಓದುವವರು ಆ ಸಂಜೆಯೇ ಫೋನಿನಲ್ಲಿ ಒಪ್ಪಿಸಿದ ಲೆಕ್ಕ ಐವತ್ತೆಂಟು ಮಿಲಿಮೀಟರ್. ಲೆಕ್ಕ ಅಷ್ಟು ಕರಾರುವಾಕ್ಕಾಗಿ ಕೂತದ್ದು ಕಂಡು ಕಚೇರಿಯಲ್ಲಿ ಸಹೋದ್ಯೋಗಿಗಳಿಗೆಲ್ಲ ನಾನೇ ಟೀ ತರಿಸಿದೆ. ಆ ಟೀ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಶನಿವಾರ ಬೆಳಿಗ್ಗೆ ಅವರೇ ಮತ್ತೆ ಫೋನ್ ಮಾಡಿ, ಚಿಕ್ಕಣ್ಣನ ಕುರಿ ಸತ್ತ ಸುದ್ದಿ ಹೇಳಿದರು. ಮೊದಲ ಬಸ್ಸಿಗೇ ಹೊರಟೆ. ಮಂದೆ ಬಯಲು ಹೊಲದಲ್ಲಿತ್ತು, ಮರೆಗೆ ಒಂದು ಮರವೂ ಇರಲಿಲ್ಲ. ಮಳೆ ಬರುವ ಹೊತ್ತಿಗೆ ಎಂಬತ್ತು ಕುರಿಗಳ ಉಣ್ಣೆ ಇಳಿಸಿಯಾಗಿತ್ತು. ಬೋಳು ಮೈಯ ಮೇಲೆ ಎರಡು ಗಂಟೆ ಗಾಳಿ, ಮಳೆ. ಚಳಿ ಹಿಡಿದು ಮೂವತ್ತೊಂದು ಸತ್ತಿದ್ದವು, ಹೆಚ್ಚಿನವು ಗಬ್ಬದ ಕುರಿಗಳು. ಉಣ್ಣೆ ಇದ್ದವುಗಳಲ್ಲಿ ಒಂದೂ ಸತ್ತಿರಲಿಲ್ಲ.

ಚಿಕ್ಕಣ್ಣ ಕಂಬಳಿ ಹಾಸಿ "ಕುಂತ್ಕಳ್ರಿ" ಎಂದ. ಅವನ ಹೆಂಡತಿ ಮಾರಕ್ಕ ನೀರು ತಂದುಕೊಟ್ಟಳು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೇರೇನೂ ತೋಚದೆ ನಾನು ಸಾಧಾರಣ ಎಂದರೆ ಹದಿನಾರರಿಂದ ಅರವತ್ತನಾಲ್ಕು ಎಂದು ವಿವರಿಸತೊಡಗಿದೆ. ಸತ್ತ ಕುರಿಗಳ ಪಕ್ಕ ಕೂತು ಪಟ್ಟಿ ಓದುತ್ತಿದ್ದೆ.

ಮಾರಕ್ಕ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಮೇಡಂ, ಸಾಧಾರಣ ಊಟ ಅಂದ್ರೆ ಹೊಟ್ಟೆ ಬಿರಿಯಂಗೆ ಉಂಬೋದು ಅಂತೀರೇನ್ರಿ? ಸಾಧಾರಣ ಜ್ವರ ಅಂದ್ರೆ ಯಾರಾರ ಸಾಯ್ತಾರಾ?"

ಚಿಕ್ಕಣ್ಣ ಅವಳನ್ನು ಸುಮ್ಮನಾಗಿಸಿದ. "ಹೋಗ್ಲಿ ಬಿಡೇ. ನಂದೂ ತಪ್ಪೈತೆ. ಮಳೆ ಹೆಂಗೈತೆ ಅಂತ ಕೇಳಿದ್ನೇ ಹೊರ್ತು, ಕುರಿ ತಡಿತಾವಾ ಅಂತ ಕೇಳ್ನಿಲ್ಲ."

ಕುರಿ ತಡೆಯುತ್ತವೆಯೇ ಎಂದು ಕೇಳಬೇಕಾದವಳು ನಾನು. ಉಣ್ಣೆಯ ಮಾತನ್ನು ಅವನು ಮೊದಲೇ ಆಡಿದ್ದ. ತಪ್ಪಾದ ಮುನ್ಸೂಚನೆಗೆ ಕ್ಷಮೆ ಕೇಳಿ ನನಗೆ ಅಭ್ಯಾಸವಿತ್ತು. ಈ ಸರಿಯಾದ ಮುನ್ಸೂಚನೆಗೆ ಹೇಗೆ ಕೇಳುವುದೆಂದು ತಿಳಿಯದೆ, ಕೊಟ್ಟ ನೀರು ಕುಡಿದು ಎದ್ದು ಬಂದೆ.

ತಿಂಗಳ ಕೊನೆಯ ಸಭೆಯಲ್ಲಿ ಮುನ್ಸೂಚನೆಗಳ ತಾಳೆಪಟ್ಟಿ ಬಂತು. ಹೇಳಿದ ವರ್ಗದಲ್ಲೇ ಮಳೆ ಬಿದ್ದರೆ 'ಹಿಟ್', ಇಲ್ಲದಿದ್ದರೆ 'ಮಿಸ್'. ಧರ್ಮಪುರದ ಶುಕ್ರವಾರಕ್ಕೆ ಹಿಟ್ ಎಂದಿತ್ತು. ಉಪಗ್ರಹ ಡೇಟಾ ಸ್ಥಳೀಯವಾಗಿ ಫಲ ಕೊಟ್ಟ ಉದಾಹರಣೆ ಎಂದು ಅದನ್ನೇ ಪರದೆಯ ಮೇಲೆ ತೋರಿಸಿದರು. ನಾನು ಎದ್ದು ಕುರಿಗಳ ವಿಷಯ ಹೇಳಿ, 'ಸಾಧಾರಣ' ಎಂಬ ಪದ ತೆಗೆದು ಯಾವ ಕೆಲಸ ಮಾಡಬಹುದು, ಯಾವುದು ಕೂಡದು ಎಂದು ಬರೆಯೋಣ ಎಂದೆ. ಮೇಲಧಿಕಾರಿ ಕೇಳಿಸಿಕೊಂಡು, "ಅದು ಭಾಷೆಯ ಪ್ರಶ್ನೆ ಮೇಡಂ, ವಿಜ್ಞಾನದ್ದಲ್ಲ. ಬರೆದು ಕೊಡಿ, ಕಳಿಸೋಣ" ಎಂದರು. ಬರೆದು ಕೊಟ್ಟೆ. ನಾನು ನಿವೃತ್ತಳಾಗುವವರೆಗೂ ಉತ್ತರ ಬರಲಿಲ್ಲ.

ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಿಂದ ಧರ್ಮಪುರದ ಮೋಡ ನಮಗೆ ಕಂಡಿತು. ಫೋನಿನ ಆ ತುದಿಯಲ್ಲಿದ್ದ ಮನುಷ್ಯ ಬೆಳಿಗ್ಗೆ ಏನು ಮಾಡಲಿದ್ದಾನೆ ಎಂಬುದು ನನಗೆ ಕಾಣಲಿಲ್ಲ, ಅವನೇ ಬಾಯಿಬಿಟ್ಟು ಹೇಳಿದ್ದರೂ. ಕೇಳುವವನ ಕೆಲಸ ತಿಳಿಯದೆ ಹೇಳಿದ ಹವಾಮಾನ ಬರೀ ಅಂಕಿ ಎಂದು ಈ ವೃತ್ತಿ ನನಗೆ ಕಲಿಸಿತು. ಕಲಿಸಲು ತೆಗೆದುಕೊಂಡದ್ದು ಚಿಕ್ಕಣ್ಣನ ಕುರಿಗಳನ್ನು. ಅವನು ಮತ್ತೆ ಫೋನ್ ಮಾಡಲಿಲ್ಲ. ಆ ತಿಂಗಳ ತಾಳೆಪಟ್ಟಿಯ ಕೆಳಗೆ, ಎಲ್ಲ ವಿವರ ಸರಿಯಾಗಿದೆ ಎಂಬ ಜಾಗದಲ್ಲಿ, ನನ್ನ ಸಹಿ ಇದೆ.