ಸೇವ್ನೆ ದಾಟದ ತಂತಿ

ಸೇವ್ನೆಗೆ ಕೂತಲ್ಲಿ ಕೂರುವುದೇ ಗೊತ್ತಿರಲಿಲ್ಲ. ಉರಾಲ್ ಪರ್ವತಸಾಲಿನ ಉತ್ತರದ ತುದಿಯಲ್ಲಿ, ಮರ ಹುಟ್ಟದ ಆ ಸೀಮೆಯಲ್ಲಿ, ಹಿಮಸಾರಂಗ ಮೇಯಿಸುವ ನೆನೆತ್ಸ್ ಬುಡಕಟ್ಟಿನವಳು. ಚಹಾ ಕುದಿಯುವಷ್ಟರಲ್ಲಿ ಎರಡು ಸಲ ಗುಡಾರದಿಂದಾಚೆ ಹೋಗಿ ಗಾಳಿ ನೋಡಿ ಬರುತ್ತಿದ್ದಳು. ಇವಳ ಪಾದಕ್ಕೇ ಜಾರುಬಂಡಿ ಕಟ್ಟಿದೆ ಎಂದು ನೆರೆಯವರು ನಗುತ್ತಿದ್ದರು.

ಆ ವಸಂತದಲ್ಲಂತೂ ಅವಳ ಜೀವ ಕುದಿಯುತ್ತಿತ್ತು. ಗಂಡ ಎಡೈಕೊ ಕಾಲು ಮುರಿದುಕೊಂಡು ಬಂಡಿಯಲ್ಲಿ ಮಲಗಿದ್ದ. ಹಿಂಡನ್ನು ಹೊಡೆದುಕೊಂಡು ಮಗಳು ಯಾಲ್ನೆ, ಅಳಿಯ ಆಗಲೇ ಕಣಿವೆ ದಾಟಿದ್ದರು. ಇವಳ ಪಾಲಿಗೆ ಉಳಿದದ್ದು ಸಾರಂಗ ಹೂಡಿದ ಸಾಮಾನಿನ ಬಂಡಿಗಳು, ಜೊತೆಗೆ ತುಂಬಿದ ಬಸುರಿಯಾದ ಒಂದು ಮುದಿ ಸಾರಂಗ. ಕಣಿವೆಯ ಗಾಳಿಯಲ್ಲಿ ಈದರೆ ಒದ್ದೆ ಕರು ಮೈ ಒಣಗುವ ಮೊದಲೇ ಸೆಟೆದುಹೋಗುತ್ತದೆ. ಬೇಗ ಆಚೆ ಬದಿಗೆ ಇಳಿಯಬೇಕು.

ಕಣಿವೆಯ ಬಾಯಲ್ಲಿ ಬೆಟ್ಟದ ನಕ್ಷೆ ಬರೆಯಲು ಬಂದ ಮೋಜಣಿಯವರು ಬಂಡೆಯಿಂದ ಬಂಡೆಗೆ ಅಳತೆಯ ತಂತಿ ಎಳೆದಿದ್ದರು. ಅವರ ಮುಖಂಡ ಗ್ಲೆಬ್, ಕೆಂಪು ಗಡ್ಡದ ಹುಡುಗ.

ಸೇವ್ನೆಗೆ ಅದೂ ಹಗ್ಗವೇ. ನೆನೆತ್ಸರಲ್ಲಿ ಗಂಡಸಿನ ಹಗ್ಗವನ್ನು ಹೆಂಗಸು ಮೆಟ್ಟಿ ದಾಟಬಾರದು. ದಾಟಿದರೆ ಆ ಹಗ್ಗ ಸಾರಂಗದ ಕೋಡನ್ನು ಹಿಡಿಯದು, ನಂಬಿದವನನ್ನೂ ಉಳಿಸದು. ಎತ್ತಿ ಹಿಡಿದರೆ ಆಯಿತು, ಅವಳು ಅಡಿಯಿಂದ ನುಸುಳುತ್ತಾಳೆ. ಮನೆಯ ಗಂಡಸರು ಇದನ್ನು ಹೇಳಿಸಿಕೊಳ್ಳದೆ ಮಾಡುತ್ತಾರೆ.

ಸೇವ್ನೆ ಅಂಗೈ ಮೇಲೆತ್ತಿ ತೋರಿಸಿದಳು. ಒಬ್ಬರ ಮಾತು ಒಬ್ಬರಿಗೆ ಬಾರದು. ಗ್ಲೆಬ್ ಉಪಕಾರ ಮಾಡುವವನಂತೆ ಗೂಟಗಳಿಂದ ತಂತಿ ಬಿಚ್ಚಿ ನೆಲಕ್ಕೆ ಹಾಸಿ, ಬನ್ನಿ ಎಂದು ನಕ್ಕ. ಅವಳು ಕೈಯನ್ನು ಇನ್ನೂ ಮೇಲೆತ್ತಿದಳು. ಇನ್ನೂ ತಗ್ಗಬೇಕೇನೋ ಎಂದು ಅವನು ತಂತಿಯ ಮೇಲೆ ಕಲ್ಲು ಹೇರಿದ. ತಾನೇ ಎತ್ತೋಣವೆಂದು ಅವಳು ಬಗ್ಗಿದರೆ, ಕೈ ಕುಯ್ದೀತೆಂದು ಹೌಹಾರಿ ತಡೆದ.

ಬಂಡಿಯಿಂದ ಎಡೈಕೊ ಕೂಗಿದ: "ಯಾಲ್ನೆಯ ಅವ್ವಾ, ನೀನು ಕೈ ಎತ್ತಿದಷ್ಟೂ ಅವನು ಕಲ್ಲು ಹೇರ್ತಾನೆ! ದಾಟ್ಬಿಡೆ, ಯಾರು ನೋಡ್ತಾರೆ?"

"ಬಂಡೆ ಮೇಲೆ ಜೀವ ಕೈಲಿ ಹಿಡ್ಕೊಂಡು ತಿರುಗೋ ಮಕ್ಕಳು. ಅವರ ಹಗ್ಗಕ್ಕೆ ನನ್ನಿಂದ ಕೇಡು ಬೇಡ."

"ಮತ್ತೆ ನಮ್ಮ ಕರು?"

ಸಾರಂಗ ನೆಲ ಕೆರೆಯುತ್ತಾ ತನ್ನ ಪಕ್ಕೆಯನ್ನೇ ತಿರುಗಿ ತಿರುಗಿ ನೋಡುತ್ತಿತ್ತು. ಸೇವ್ನೆ ಅತ್ತಿತ್ತ ಶತಪಥ ಹಾಕಿದಳು. ಬಲಕ್ಕೆ, ಕರಿಬಂಡೆಗಳ ನಡುವೆ, ಯಾರೂ ಬಂಡಿ ಹೊಡೆಯದ ಒಂದು ಸಂದು ಕಂಡಿತು. ಮೇಲೆ ಕುಸಿಯಲು ಕಾದಂತೆ ಹಿಮ ಚಾಚಿಕೊಂಡಿತ್ತು. ಹಗ್ಗ ಎಳೆದು ಬಂಡಿಗಳನ್ನು ಅತ್ತ ತಿರುಗಿಸಿದಳು.

ಹಿಮ ಸೊಂಟದವರೆಗೆ ಹೂಳುತ್ತಿತ್ತು. ಅವಳು ಮುಂದೆ ನಡೆದು ದಾರಿ ತುಳಿದಳು.

"ಇನ್ನೊಂದು ಕಾಲೂ ಮುರೀತೀಯಾ?" ಎಡೈಕೊ ನರಳಿದ.

"ಮುರಿದ್ರೆ ಎರಡೂ ಸಮ ಆಗ್ತವೆ. ಉಸಿರೆತ್ತಬೇಡ, ಮೇಲಿರೋ ಹಿಮ ಕೇಳಿಸ್ಕೊಳ್ಳತ್ತೆ!"

ಹಿಮ ಕೇಳಿಸಿಕೊಳ್ಳಲಿಲ್ಲ. ಆಚೆ ಬದಿಯ ಮರೆಯಲ್ಲಿ ಗಾಳಿ ನಿಂತಿತ್ತು. ಕೊರಳ ಹಗ್ಗ ಬಿಚ್ಚುವ ಮೊದಲೇ ಸಾರಂಗ ಒಣಪಾಚಿಯ ಮೇಲೆ ಮಲಗಿತು. ಹುಟ್ಟಿದ ಕರುವನ್ನು ಸೇವ್ನೆ ತನ್ನ ತುಪ್ಪಳದ ಅಂಗಿಯ ತೋಳಿನಿಂದಲೇ ಉಜ್ಜಿದಳು.

ಅವಳ ಜಾಡು ಹಿಡಿದು ಹೋದ ಗ್ಲೆಬ್ ಆ ಸಂದನ್ನು ತನ್ನ ನಕ್ಷೆಗೆ ಸೇರಿಸಿದ. ಅವಳು ತಂತಿ ದಾಟದಿದ್ದ ಕಾರಣ ತಿಳಿದದ್ದು ಮರುವರ್ಷ, ದುಭಾಷಿಯ ಬಾಯಿಂದ. ಆಗ ಅವನ ಮುಖ ಗಡ್ಡಕ್ಕಿಂತ ಕೆಂಪಾಯಿತು. ಸೇವ್ನೆಯ ಬಂಡಿಗಳು ಬಂದಾಗ ತಂತಿಯನ್ನು ಉದ್ದ ಕೋಲಿನಿಂದ ತಲೆಯ ಮೇಲಕ್ಕೆತ್ತಿ, ಕೊನೆಯ ಬಂಡಿ ದಾಟುವವರೆಗೂ ನಿಂತ. ಅವಳು ಅಡಿಯಿಂದ ಹಾದಳು, ಹಿಂದೆ ವರ್ಷದ ಕರು.

"ಚಹಾ ಕುಡಿದು ಹೋಗಿ ತಾಯಿ," ಎಂದು ದುಭಾಷಿಯಿಂದ ಹೇಳಿಸಿದ.

"ಪುರುಸೊತ್ತಿಲ್ಲಪ್ಪ!" ಅವಳು ಆಗಲೇ ದೂರವಿದ್ದಳು.

ಎಡೈಕೊ ಕುಂಟುತ್ತಾ ನಕ್ಕ: "ಬಿಡಪ್ಪ. ಇವಳನ್ನ ಒಂದು ಗಳಿಗೆ ನಿಲ್ಲಿಸಿದ್ದು ನಿನ್ನ ತಂತಿ ಒಂದೇ."