ದೀಪ ಹಚ್ಚಿದ ಮೇಲೆ ಬಂದ ಜಿಂಕೆ

ನಮ್ಮ ಅಡುಗೆಮನೆಯಲ್ಲಿ ಉಪ್ಪು ಎರಡು ಕಡೆ ವಾಸ. ದಿನಬಳಕೆಯ ಪುಡಿಯುಪ್ಪು ಒಲೆಯ ಪಕ್ಕದ ಡಬ್ಬಿಯಲ್ಲಿ ಗೃಹಿಣಿಯ ಹಾಗೆ ಅಚ್ಚುಕಟ್ಟಾಗಿ ಕೂತಿರುತ್ತದೆ. ಕಲ್ಲುಪ್ಪು ಮಾತ್ರ ಸಿಂಕಿನ ಪಕ್ಕದ ಬೀರುವಿನಲ್ಲಿ ಮೂಟೆಗಟ್ಟಲೆ ಬಿದ್ದಿರುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಮೂಟೆ ಉಪ್ಪು ಯಾಕೆ ಎಂದು ನೀವು ಕೇಳಿದರೆ ತಪ್ಪಿಲ್ಲ. ಕ್ರೈಸ್ಟ್‌ಚರ್ಚಿನಲ್ಲಿರುವ ಕನ್ನಡದವರ ಮನೆಗಳಿಗೆಲ್ಲ ನಿಂಬೆಕಾಯಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ನಾನೇ ಹಾಕಿಕೊಡಬೇಕೆಂದು ಯಾವ ದೇವರು ನೇಮಿಸಿದನೋ ಕಾಣೆ. ಒಂದು ವರ್ಷ ಬಾಯಿತಪ್ಪಿ "ಎಲ್ರಿಗೂ ಮಾಡ್ಕೊಡ್ತೀನಿ" ಅಂದಿದ್ದೆ, ಅಂದಿನಿಂದ ಕೊರಳಿಗೆ ಬಿತ್ತು.

ಈ ಉಪ್ಪಿನ ವಿಷಯದಲ್ಲಿ ನನಗೊಂದು ಹಟವಿದೆ. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಇವು ಮನೆಯಿಂದ ಹೊರಗೆ ಹೋಗಬಾರದು, ಹೋದರೆ ಅವುಗಳ ಬೆನ್ನಿಗೇ ಲಕ್ಷ್ಮಿಯೂ ಹೊರಟುಬಿಡುತ್ತಾಳೆ ಎಂಬುದು ಮೈಸೂರಿನ ನಮ್ಮ ವಠಾರದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನಾನು ಹಾಗೆ ನೋಡಿದರೆ ಶುದ್ಧ ಲೌಕಿಕ ಪ್ರಾಣಿ. ಕಾಂಕ್ರೀಟಿನ ಅಚ್ಚುಗಳನ್ನು ಯಂತ್ರದ ಬಾಯಿಗೆ ಕೊಟ್ಟು ಎಷ್ಟು ಭಾರಕ್ಕೆ ಬಿರಿಯುತ್ತವೆಂದು ನೋಡುವುದು ನನ್ನ ಹೊಟ್ಟೆಪಾಡು. ರಾಹುಕಾಲ ನೋಡಿ ಮನೆಯಿಂದ ಹೊರಟವಳಲ್ಲ, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಅಪಶಕುನ ಎಂದು ನಕ್ಕವಳು. ಆದರೆ ದೀಪ ಹಚ್ಚಿದ ಮೇಲೆ ಉಪ್ಪು ಕೊಡು ಎಂದರೆ ನನ್ನ ಕೈ ಏಳುವುದಿಲ್ಲ. ಬುದ್ಧಿ ಏಳುತ್ತದೆ, ಕೈ ಏಳುವುದಿಲ್ಲ. ಏನು ಮಾಡಲಿ ಹೇಳಿ.

ಆಗ ನಾವು ಊರಂಚಿನ ಹಾರ್ನ್‌ಬಿ ಬಡಾವಣೆಯಲ್ಲಿದ್ದೆವು. ಭೂಕಂಪಕ್ಕೆ ಈ ಊರು ನಡುಗಿ ನೆಲಕ್ಕೆ ಬೀಳುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಅದೊಂದು ಗುಡ್ ಫ್ರೈಡೇ. ಇಲ್ಲಿ ಬೇಸಿಗೆ ಮುಗಿಯಬೇಕಾದ ಮಾರ್ಚ್ ಕೊನೆ ಬಂದರೂ ಅದು ಹೋಗಲೊಲ್ಲದೆ ಕೂತಿತ್ತು. ಬೆಟ್ಟಗಳ ಆಚೆಯಿಂದ ಇಳಿದು ಬರುವ ವಾಯವ್ಯದ ಬಿಸಿಗಾಳಿ ಮೂರು ದಿನದಿಂದ ಬೀಸಿ, ಹಿತ್ತಿಲಲ್ಲಿ ಹರವಿದ್ದ ನನ್ನ ಬಾಳಕ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ನನಗೆ ಆ ಗಾಳಿ ಎಂದರೆ ಅಷ್ಟು ಖುಷಿ. ದೀಪ ಹಚ್ಚಿ ಕೈಮುಗಿದು ಏಳುತ್ತಿದ್ದೇನೆ, ಬಾಗಿಲು ಬಡಿಯಿತು.

ಪಕ್ಕದ ಮನೆಯ ಆಲನ್. ಈ ದೇಶದಲ್ಲಿ ಎಪ್ಪತ್ತರ ಹಿರಿಯರನ್ನೂ ಬರಿಯ ಹೆಸರಿನಿಂದ ಕೂಗಬೇಕು, ಕೂಗುತ್ತೇನೆ. ಬರೆಯುವಾಗಲಾದರೂ ಆಲನ್ ಅವರು ಎಂದು ಬರೆದುಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ. ಅವರ ಅಂಗಿಯ ತೋಳಿನಲ್ಲಿ ರಕ್ತದ ಕಲೆ, ಜೊತೆಗೆ ಮೂಗು ಮುಚ್ಚುವಂಥ ಘಾಟು.

"ವಸು, ನಿಮ್ಮನೇಲಿ ಸಾಲ್ಟ್ ಇದೆಯಾ? ಒಂದು ಚಮಚ ಅಲ್ಲ, ಒಂದು ಬಕೆಟ್."

ವಿಷಯ ಹೀಗಿತ್ತು. ಅವರು ಬೆಳಗ್ಗೆ ಸ್ನೇಹಿತರೊಬ್ಬರ ಜೊತೆ ಬೆಟ್ಟಕ್ಕೆ ಹೋಗಿ ದೊಡ್ಡದೊಂದು ಗಂಡು ಜಿಂಕೆಯನ್ನು ಹೊಡೆದಿದ್ದರು. ಸ್ನೇಹಿತರು ಮಾಂಸವನ್ನು ಯೂಟ್ ಎಂಬ ಸಣ್ಣ ಸಾಮಾನುಗಾಡಿಯಲ್ಲಿ ಹೇರಿಕೊಂಡು ತಮ್ಮೂರಿಗೆ ಹೋಗಿದ್ದರು. ತಲೆಯಿಂದ ಭುಜದ ತನಕ ಸುಲಿದ ಚರ್ಮ ಇವರ ಶೆಡ್ಡಿನಲ್ಲಿತ್ತು. ಅದನ್ನು ಗೋಡೆಯ ಮೇಲೆ ಜೀವಂತ ನಿಂತ ಹಾಗೆ ಮಾಡಿಕೊಡುವವನು ಈಸ್ಟರ್ ಮುಗಿಯುವತನಕ ಬಾಗಿಲು ತೆಗೆಯುವುದಿಲ್ಲ. ಈ ಸೆಕೆಗೆ ಚರ್ಮ ಬೆಳಗಿನ ತನಕ ತಡೆಯುವುದಿಲ್ಲ, ಕೊಳೆಯತೊಡಗಿದರೆ ಕೂದಲು ಹಿಡಿಹಿಡಿಯಾಗಿ ಕಿತ್ತು ಬರುತ್ತದೆ, ಮಡಿಸಿ ಫ್ರೀಜರ್‌ನಲ್ಲಿಟ್ಟರೆ ಮಡಿಕೆಯ ಒಳಗಿನ ಬಿಸಿಯೇ ಅದನ್ನು ಕೆಡಿಸುತ್ತದೆ. ಉಪ್ಪೊಂದೇ ದಾರಿ. ಅವರಲ್ಲಿದ್ದ ಉಪ್ಪು ಅರ್ಧಕ್ಕೂ ಸಾಲದು, ಮತ್ತು ಗುಡ್ ಫ್ರೈಡೇ ದಿನ ಈ ದೇಶದಲ್ಲಿ ಒಂದು ಸೂಪರ್‌ಮಾರ್ಕೆಟ್ಟಿನ ಬಾಗಿಲೂ ತೆರೆದಿರುವುದಿಲ್ಲ. ಇಲ್ಲಿನವರು ಡೇರಿ ಎನ್ನುವ ಮೂಲೆಯ ಚಿಲ್ಲರೆ ಅಂಗಡಿಯಲ್ಲಿ ಸಿಕ್ಕಿದ್ದು ಎರಡು ಸಣ್ಣ ಪೊಟ್ಟಣ.

"ಇದು ನನ್ನ ಕೊನೇ ಬೇಟೆ" ಎಂದರು. ಕಣ್ಣಿನ ಡಾಕ್ಟರು ಅವರಿಗೆ ಹೇಳಿಬಿಟ್ಟಿದ್ದರಂತೆ. ದೃಷ್ಟಿಯ ನಡುಭಾಗ ಸವೆಯುತ್ತಾ ಬಂದಿದೆ, ಅಂಚು ಮಾತ್ರ ಉಳಿಯುತ್ತದೆ, ಅದಕ್ಕೆ ಔಷಧಿಯಿಲ್ಲ. ಹಬ್ಬ ಮುಗಿದ ಮೇಲೆ ಕೋವಿಯನ್ನೂ ಪರವಾನಗಿಯನ್ನೂ ಒಪ್ಪಿಸಿಬಿಡುವುದೆಂದು ನಿಶ್ಚಯಿಸಿದ್ದರು. "ಮುಂದಿನ ವರ್ಷ ನನಗೆ ಅದು ಕಾಣಲ್ಲ. ಕೈಯಲ್ಲಿ ಮುಟ್ಟಿ ನೋಡ್ಬೇಕು, ಅಷ್ಟೇ. ಕೂದಲು ಉದುರಿದ ಚರ್ಮ ಮುಟ್ಟಿ ಏನು ನೋಡಲಿ?"

ನನ್ನವರು ಶ್ರೀಧರ, ಸೋಫಾದಿಂದಲೇ ಕನ್ನಡದಲ್ಲಿ ಹೇಳಿದರು: "ಕೊಟ್ಟುಬಿಡೇ, ಮೂಟೆ ಇದೆಯಲ್ಲ."

"ದೀಪ ಹಚ್ಚಿ ಆಯ್ತಲ್ರೀ."

"ಅಯ್ಯೋ ಕರ್ಮವೇ! ಮೈಸೂರಲ್ಲಿ ಈಗ ಮಟಮಟ ಮಧ್ಯಾಹ್ನ ಕಣೇ. ಲಕ್ಷ್ಮಿ ಊಟಕ್ಕೆ ಕೂತಿರ್ತಾಳೆ."

"ಲಕ್ಷ್ಮಿ ನಮ್ಮ ಜೊತೆ ಇಲ್ಲಿಗೆ ಬಂದಿದಾಳೋ, ಅಲ್ಲೇ ಉಳಿದಿದಾಳೋ, ಅದನ್ನ ಮೊದಲು ಹೇಳಿ."

ಬಾಗಿಲಲ್ಲಿ ಮನುಷ್ಯರು ನಿಂತಿದ್ದಾರೆ, ಮನೆಯಲ್ಲಿ ಮೂಟೆಯಿದೆ, ಇಲ್ಲವೆಂದು ಹೇಳುವ ನಾಲಿಗೆ ನನ್ನದಲ್ಲ, ಕೊಡುವ ಕೈಯೂ ನನ್ನದಾಗಲಿಲ್ಲ. ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಸುಳ್ಳು ಹೇಳುವುದಕ್ಕಿಂತ ಪೆದ್ದಿ ಅನ್ನಿಸಿಕೊಳ್ಳುವುದು ವಾಸಿಯೆಂದು ಇದ್ದ ವಿಷಯವನ್ನು ಇದ್ದ ಹಾಗೆ ಆಲನ್ ಅವರಿಗೆ ಹೇಳಿದೆ. ಅವರು ನಗಲಿಲ್ಲ. "ಹೋಗಲಿ ಬಿಡು, ಇನ್ನೊಂದು ಮನೆ ಕೇಳ್ತೀನಿ" ಎಂದು ತಿರುಗಿದರು. ಮೆಟ್ಟಿಲಿಗೆ ಕಾಲಿಟ್ಟಾಗ ನೆಲವನ್ನು ನೇರ ನೋಡದೆ ತಲೆಯನ್ನು ಓರೆಮಾಡಿ ಪಕ್ಕದಿಂದ ನೋಡಿದರು. ನೇರ ನೋಡಿದ್ದು ಮಾಯವಾಗುವ ಕಣ್ಣಿಗೆ ಅದೊಂದೇ ಉಪಾಯ. ಅದನ್ನು ಕಂಡು ನನ್ನ ಬಾಯಿಂದ ಯೋಚನೆಗಿಂತ ಮುಂಚೆ ಮಾತು ಬಂತು.

"ಆಲನ್, ಉಪ್ಪು ಹೊರಗೆ ಹೋಗಬಾರದು ಅಷ್ಟೇ. ಚರ್ಮ ಒಳಗೆ ಬರಬಹುದು."

ಶ್ರೀಧರ ಸೋಫಾದಿಂದ ಎದ್ದು ನಿಂತರು. ಮೊಟ್ಟೆಯ ಕೇಕಿಗೂ ಬೇರೆ ಚಾಕು ಇಟ್ಟಿದ್ದ ಮನೆ ನಮ್ಮದು.

ಹೀಗೆ ಒಂದು ಆಚಾರವನ್ನು ಕಾಪಾಡುವ ಭರದಲ್ಲಿ ಹತ್ತು ಆಚಾರಗಳನ್ನು ಗಾಳಿಗೆ ತೂರಿ, ಸತ್ತ ಪ್ರಾಣಿಯೊಂದನ್ನು ನಮ್ಮ ಗರಾಜಿಗೆ ಬರಮಾಡಿಕೊಂಡೆ. ಗರಾಜು ಮನೆಯ ಲೆಕ್ಕವೋ ಬೀದಿಯ ಲೆಕ್ಕವೋ ಎಂದು ಶ್ರೀಧರ ತರ್ಕ ತೆಗೆದರು. ಒಂದೇ ಸೂರು, ಆದ್ದರಿಂದ ಮನೆಯೇ ಎಂದು ತೀರ್ಪು ಕೊಟ್ಟೆ. ಆಲನ್ ಅವರು ಟಾರ್ಪಾಲಿನ ಮೇಲೆ ಚರ್ಮವನ್ನು ಒಳಮೈ ಮೇಲಾಗಿ ಹರವಿದರು. ಕಲ್ಲುಪ್ಪಿನ ಹರಳು ಮೇಲೆಯೇ ಕೂತಿರುತ್ತದೆ, ಒಳಗಿಳಿಯಬೇಕಾದರೆ ನುಣ್ಣಗಿರಬೇಕು ಎಂದರು. ಸರಿ, ನನ್ನ ಮಿಕ್ಸಿ ಹೊರಬಂತು. ಮೈಸೂರಿನಿಂದ ಕಂಕುಳಲ್ಲಿ ಹೊತ್ತು ತಂದ ಆ ಮಿಕ್ಸಿ ಚಟ್ನಿ, ಸಾರಿನಪುಡಿ ಬಿಟ್ಟು ಬೇರೆ ಕಂಡದ್ದಲ್ಲ. ಅಂದು ಜಾರಿನ ಮೇಲೆ ಜಾರು ಜಿಂಕೆಗೆಂದು ಉಪ್ಪು ಅರೆದು ಕಾದು ಕೆಂಡವಾಯಿತು.

ನಿಜ ಹೇಳಲೇ, ನನಗೆ ಬಂದದ್ದು ಸಿಟ್ಟು. "ಇದನ್ನ ಯಾಕೆ ಕೊಲ್ಲಬೇಕಿತ್ತು?" ಎಂದು ಕೇಳಿಯೇಬಿಟ್ಟೆ. ಅವರು ಉಪ್ಪನ್ನು ಅಂಗೈಯಿಂದ ತಿಕ್ಕುತ್ತಾ, "ಒಳ್ಳೇ ಉತ್ತರ ನನ್ನ ಹತ್ರ ಇಲ್ಲ. ಹೊಡೆದಿದ್ದನ್ನೆಲ್ಲ ತಿಂದಿದೀನಿ, ಯಾವುದನ್ನೂ ಮರೆತಿಲ್ಲ" ಎಂದರು. ಆ ಉತ್ತರ ನನಗೆ ಸಾಲಲಿಲ್ಲ. ಜಿಂಕೆಯೇನೂ ಈ ನೆಲದ್ದಲ್ಲ. ಬೇಟೆಯ ಶೋಕಿಗೆಂದು ಯಾರೋ ಹಡಗಿನಲ್ಲಿ ತಂದು ಬಿಟ್ಟದ್ದು, ಬೆಟ್ಟ ಒಗ್ಗಿತು, ಸಂತಾನ ಬೆಳೆಯಿತು, ಈಗ ಕಾಡನ್ನೆಲ್ಲ ತಿಂದು ಹಾಕುತ್ತದೆ ಎಂದು ಬೈಸಿಕೊಳ್ಳುತ್ತದೆ. ಬಂದವರು ಬೇರೂರಿದರೆ ಕೇಳಬೇಕಾದ ಮಾತನ್ನು ನಾವೂ ಅಷ್ಟಿಷ್ಟು ಕೇಳಿದವರೇ ಆದ್ದರಿಂದ ನನ್ನ ಪಕ್ಷಪಾತ ಅದರ ಕಡೆಗೇ ಇತ್ತು.

ಕಷ್ಟ ಶುರುವಾದದ್ದು ಕಿವಿಯ ಹತ್ತಿರ. ಕಿವಿಯ ಚರ್ಮವನ್ನು ಒಳಗಿನ ಮೆದು ಎಲುಬಿನಿಂದ ತುದಿಯ ತನಕ ಬಿಡಿಸಿ ಒಳಮೈ ಹೊರಗಾಗಿ ಮಗುಚಬೇಕು, ಇಲ್ಲದಿದ್ದರೆ ಉಪ್ಪು ಅಲ್ಲಿಗೆ ಮುಟ್ಟುವುದಿಲ್ಲ, ಮೊದಲು ಕೊಳೆಯುವುದು ಅದೇ. ಆಲನ್ ಅವರು ಚಾಕು ಹಿಡಿದು ಬಾಗಿದರು, ತಲೆಯನ್ನು ಅತ್ತ ಓರೆಮಾಡಿದರು, ಇತ್ತ ಓರೆಮಾಡಿದರು. ಕೊನೆಗೆ ಚಾಕು ಕೆಳಗಿಟ್ಟು, "ಹಿಡಿ ಕಾಣುತ್ತೆ, ತುದಿ ಕಾಣಲ್ಲ" ಎಂದರು, ಬಹಳ ಮೆಲ್ಲಗೆ.

ನಾನು ಶ್ರೀಧರರ ಕಡೆ ನೋಡಿದೆ. ಅವರು ಗರಾಜಿನ ಸೂರನ್ನು ನೋಡುತ್ತಿದ್ದರು. ಸೆರಗು ಸಿಕ್ಕಿಸುವ ಹಾಗೆ ದುಪಟ್ಟಾ ಸೊಂಟಕ್ಕೆ ಬಿಗಿದು ಕೂತೆ. ಆಲನ್ ಅವರು ಹೇಳಿದರು, ನಾನು ಮಾಡಿದೆ. ಚಾಕು ಬುಡದಲ್ಲಿ ಮಾತ್ರ, ಆಮೇಲೆ ಮೊಂಡಾದದ್ದೇನಾದರೂ ಬೇಕು ಎಂದಾಗ ಮರದ ಸೌಟಿನ ಹಿಡಿ ತಂದೆ. ಹೊಲಿದ ರವಿಕೆಯ ಕಿರಿದಾದ ತೋಳನ್ನು ಹರಿಯದ ಹಾಗೆ ಮಗುಚುತ್ತೇವಲ್ಲ, ಅದೇ ಕೆಲಸ, ಅದೇ ತಾಳ್ಮೆ. ಕಿವಿಯ ಒಳಗಿನ ಕೂದಲು ಇಷ್ಟೊಂದು ಮೆತ್ತಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅಂದು ಬೆಳಗಿನ ತನಕ ಬೆಟ್ಟದ ಒಂದೊಂದು ಸದ್ದನ್ನೂ ಹಿಡಿದಿದ್ದ ಕಿವಿ. ನನಗೆ ಅಳು ಬಂತು, ಅತ್ತುಬಿಟ್ಟೆ, ಕೈ ನಿಲ್ಲಿಸಲಿಲ್ಲ.

ಆ ರಾತ್ರಿ ತಲೆಗೆ ನೀರೆರೆದುಕೊಂಡು ಮಲಗಿದರೂ ನಿದ್ದೆ ಹತ್ತಲಿಲ್ಲ. ನಿಂಬೆಕಾಯಿಗೆ ಉಪ್ಪು ಹಾಕುವಾಗ ನಾವು ಹಣ್ಣನ್ನೇ ಉಳಿಸಿಕೊಳ್ಳುತ್ತೇವೆ ಎಂದುಕೊಂಡಿರುತ್ತೇನೆ. ಇಲ್ಲಿ ಉಳಿಸುತ್ತಿರುವುದು ಹೊದಿಕೆಯನ್ನು ಮಾತ್ರ, ಒಳಗೆ ತುಂಬುವುದು ಯಾವುದೋ ಹಗುರ ಫೋಮಿನ ಅಚ್ಚು. ನನ್ನ ಸಂಜೆಯ ಉಪ್ಪಿನ ಕಟ್ಟಳೆಯೂ ಅಂಥದ್ದೇ ಇರಬಹುದೇ? ಅದರೊಳಗೆ ಒಂದು ಕಾಲಕ್ಕೆ ಏನೋ ಜೀವವಿತ್ತು; ಬಡತನದ ಭಯವೋ, ಕತ್ತಲಲ್ಲಿ ಉಪ್ಪು ಚೆಲ್ಲುವ ಆತಂಕವೋ, ಅಕ್ಕಪಕ್ಕದವರ ಜೊತೆಗಿನ ಯಾವುದೋ ಮುನಿಸೋ. ಅದು ಯಾವಾಗ ಸತ್ತಿತೆಂದು ಗೊತ್ತಿಲ್ಲದೆ, ಚರ್ಮವನ್ನು ಮಾತ್ರ ಕೂದಲು ಉದುರದ ಹಾಗೆ ಸಮುದ್ರ ದಾಟಿಸಿ ತಂದಿದ್ದೇನೆ. ಹಾಗೆಂದು ಬಿಸಾಡಲೂ ಮನಸ್ಸಿಲ್ಲ. ನಮ್ಮಜ್ಜಿ ಉಪ್ಪಿನ ಮರಿಗೆಯ ಮೇಲೆ ಕೈಯಿಟ್ಟು "ಈಗ ಬೇಡ ಮಗು" ಅನ್ನುತ್ತಿದ್ದ ದನಿ ನನಗೆ ಮುಟ್ಟಿ ನೋಡಲು ಉಳಿದಿರುವುದು ಅದರಲ್ಲಿ ಮಾತ್ರ. ಆಲನ್ ಅವರ ಹಟ ಆಗ ನನಗೆ ಸ್ವಲ್ಪ ಅರ್ಥವಾಯಿತು, ಕೊಂದದ್ದು ಮಾತ್ರ ಅರ್ಥವಾಗಲಿಲ್ಲ.

ಬೆಳಗಾದ ಕೂಡಲೇ ಅವರು ಬಂದರು. ಚರ್ಮದಿಂದ ನೀರು ಬಸಿದು ಟಾರ್ಪಾಲಿನ ತಗ್ಗಿನಲ್ಲಿ ನಿಂತಿತ್ತು. ಮೊಣಕಾಲೂರಿ, ಕಣ್ಣು ಮುಚ್ಚಿಕೊಂಡು, ಕಿವಿಯ ತುದಿಯ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಬರಲಿಲ್ಲ. ಇನ್ನೊಂದು ಕಿವಿ; ಅದೂ ಬರಲಿಲ್ಲ. "ಹಿಡ್ಕೊಂಡಿದೆ" ಎಂದು ಅವರು ನಕ್ಕಾಗ ನನ್ನವರೂ ಚಪ್ಪಾಳೆ ತಟ್ಟಿಬಿಟ್ಟರು, ರಾತ್ರಿಯೆಲ್ಲ ಊದಿದ ಮುಖ ಇಟ್ಟುಕೊಂಡಿದ್ದವರು.

ಆ ತಲೆ ಸಿದ್ಧವಾಗಿ ಬರುವ ಹೊತ್ತಿಗೆ ಮತ್ತೊಂದು ಬೇಸಿಗೆ ಬಂದಿತ್ತು. ಆಲನ್ ಅವರು ನೋಡಲು ಕರೆದರು, ಹೋದೆ. ಕಿಟಕಿಯ ಎದುರಿನ ಗೋಡೆಯಲ್ಲಿ ಅದು ಕುತ್ತಿಗೆ ತಿರುಗಿಸಿ ನಿಂತಿತ್ತು. ಅಷ್ಟರಲ್ಲಿ ಅವರಿಗೆ ಎದುರಿನ ಮುಖಗಳೆಲ್ಲ ಅಳಿಸಿಹೋಗಿದ್ದವು. ದನಿಯಿಂದ ನಾನೆಂದು ತಿಳಿದುಕೊಂಡರು. ಕೈ ಎತ್ತಿ ಭುಜದಿಂದ ಶುರುಮಾಡಿ, ಕುತ್ತಿಗೆಯ ಒರಟು ಕೂದಲು, ದವಡೆ, ತುಟಿಯಂಚು, ಆಮೇಲೆ ಕಿವಿ, ಒಂದೊಂದನ್ನೂ ಸವರಿದರು. ಬೆರಳು ಹಣೆಯಿಂದ ಇಳಿದು ರೆಪ್ಪೆಯ ಹತ್ತಿರ ನಿಂತಿತು.

"ಇದು ಗಾಜು. ಕೈಗೆ ಏನೂ ಹೇಳಲ್ಲ. ಕಣ್ಣು ಸರಿಯಾಗಿ ಬಂದಿದೆಯಾ, ನೀನು ಹೇಳು."

"ನಾನು ಆ ಕಣ್ಣು ನೋಡಿಲ್ಲವಲ್ಲ ಆಲನ್. ನನ್ನ ಹತ್ರ ಬರೋ ಹೊತ್ತಿಗೆ ಅಲ್ಲಿ ಎರಡು ತೂತು ಇತ್ತು ಅಷ್ಟೇ. ನೋಡಿದವರು ನೀವು."

"ನಾನೂ ನೋಡಿಲ್ಲ, ವಸು. ಭುಜ ಕಂಡಿತು, ಕೊಂಬು ಕಂಡಿತು. ಮುಖ ನೋಡೋಣ ಅಂತ ನೇರ ನೋಡಿದೆ, ಅಲ್ಲಿ ಬರೀ ಮಂಜು."

ಇಬ್ಬರೂ ಕಾಣದ ಒಂದು ಮುಖವನ್ನು ಉಳಿಸಲು ಅಷ್ಟೊಂದು ಪಾಡುಪಟ್ಟಿದ್ದೆವು. ಚೆನ್ನಾಗಿದೆ ಎಂದು ಬಾಯಿಮಾತಿಗೆ ಹೇಳಲು ಮನಸ್ಸು ಬರಲಿಲ್ಲ. ಹತ್ತಿರ ಹೋಗಿ, ಹಿಮ್ಮಡಿ ಎತ್ತಿ ನಿಂತು, ಆ ಕಣ್ಣನ್ನು ಇಬ್ಬರ ಪಾಲಿನದೂ ಸೇರಿಸಿ ನೋಡಿದೆ.

"ಕಂದು ಬಣ್ಣ. ಒಳಗೆ ಕಿಟಕಿ ಕಾಣ್ತಿದೆ, ಹೊರಗಿನ ಬೇಲಿ ಕಾಣ್ತಿದೆ. ಈ ಕಡೆ ನಾವಿಬ್ಬರು ನಿಂತಿದೀವಿ."

"ನಾನೂ ಕಾಣ್ತೀನಾ?"

"ಹ್ಞೂಂ, ಚೆನ್ನಾಗಿ ಕಾಣ್ತೀರಿ."

"ಹೇಗಿದೀನಿ? ಕನ್ನಡಿಯಲ್ಲಿ ನನ್ನ ಮುಖ ನೋಡಿ ಎಷ್ಟೋ ಕಾಲ ಆಯ್ತು."

ಗಾಜಿನಿಂದ ಕಣ್ಣು ತೆಗೆದು ಅವರ ಮುಖವನ್ನು ನೋಡಿದೆ. ಅಷ್ಟು ವರ್ಷ ಬೇಲಿಯ ಆಚೆಯಿದ್ದರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಎಡಗಡೆ ಗಲ್ಲದ ಕೆಳಗೆ ಸ್ವಲ್ಪ ಗಡ್ಡ ಬಿಟ್ಟುಹೋಗಿದೆ" ಎಂದೆ.

ಜಿಂಕೆಯ ಹಣೆಯ ಮೇಲಿದ್ದ ಕೈಯನ್ನು ತೆಗೆದು ಅವರು ತಮ್ಮ ಗಲ್ಲವನ್ನು ಮುಟ್ಟಿಕೊಂಡರು. ನೆಟ್ಟಗೆ ನಿಂತ ಬಿಳಿಯ ಕೂದಲನ್ನು ಎರಡು ಬೆರಳಿನಲ್ಲಿ ಹಿಡಿದು, ಮೆಲ್ಲಗೆ ಎಳೆದು ನೋಡಿದರು.